ಹೊಸ ಪಕ್ಷಿವೀಕ್ಷಕರಿಗೆ ಎಂಥ ದುರ್ಬೀನು?

ಪಕ್ಷಿವೀಕ್ಷಣೆ ಹೆಚ್ಚು ಖರ್ಚಿನ ಹವ್ಯಾಸವಲ್ಲ. ಹಕ್ಕಿಗಳನ್ನು ಪರಿಚಯಿಸುವ ಒಂದು ಕೈಪಿಡಿ, ಒಂದು ಟಿಪ್ಪಣಿ ಪುಸ್ತಕ, ಬೆಳಗಿನ ಹೊತ್ತು ಎರಡು ಗಂಟೆಯ ಬಿಡುವು – ಇಷ್ಟಿದ್ದರೆ ಆರಂಭಕ್ಕೆ ಸಾಕು. ಇವುಗಳ ಜೊತೆಗೆ ಕೊಳ್ಳಬೇಕಾದ ಏಕೈಕ ದುಬಾರಿ ವಸ್ತುವೆಂದರೆ ದುರ್ಬೀನು, ಅರ್ಥಾತ್ ಬೈನಾಕ್ಯುಲರ್. ಹೊಸಬರು ಎಡವುವುದೂ ಇಲ್ಲಿಯೇ.

'ಇದರಲ್ಲಿ ಎಷ್ಟು ದೂರದವರೆಗೆ ಕಾಣುತ್ತದೆ?' ಎಂಬುದು ಅಂಗಡಿಯಲ್ಲಿ ಸಾಮಾನ್ಯವಾಗಿ ಕೇಳಿಬರುವ ಮೊದಲ ಪ್ರಶ್ನೆ. ಈ ಪ್ರಶ್ನೆಗೆ ಹೆಚ್ಚಿನ ಅರ್ಥವಿಲ್ಲ. ಸುಮಾರು 3 ಲಕ್ಷ 84 ಸಾವಿರ ಕಿ.ಮೀ. ದೂರದ ಚಂದ್ರ ಬರಿಗಣ್ಣಿಗೇ ಕಾಣುತ್ತಾನೆ. ದೂರದ್ದನ್ನು ಎಷ್ಟು ಸ್ಪಷ್ಟವಾಗಿ, ಎಷ್ಟು ಬೇಗ, ಎಷ್ಟು ಹೊತ್ತು ಆಯಾಸವಿಲ್ಲದೆ ನೋಡಬಹುದು ಎಂಬುದೇ ಪಕ್ಷಿವೀಕ್ಷಕರಿಗೆ ಮುಖ್ಯವಾದ ವಿಚಾರ.

ಇದನ್ನರಿಯದೆ '20 ಪಟ್ಟು', '50 ಪಟ್ಟು' ಎಂಬ ಅಂಕಿಗಳಿಗೆ ಮರುಳಾಗಿ ಕೊಂಡ ಉಪಕರಣದಲ್ಲಿ ಹಕ್ಕಿಯನ್ನು ಹುಡುಕುವಷ್ಟರಲ್ಲಿ ಅದು ಹಾರಿಹೋಗಿರುತ್ತದೆ. ಕಂಡರೂ ಬಿಂಬ ಮಸುಕಾಗಿರುತ್ತದೆ, ನಡುಗುತ್ತಿರುತ್ತದೆ. ನಾಲ್ಕು ಭಾನುವಾರಗಳಾಗುವಷ್ಟರಲ್ಲಿ ದುರ್ಬೀನು ಕಪಾಟು ಸೇರುತ್ತದೆ, ಅದರೊಡನೆ ಹವ್ಯಾಸವೂ ಮುಗಿಯುತ್ತದೆ. ಹತ್ತು ನಿಮಿಷ ವ್ಯಯಿಸಿ ಕೆಲವು ಮೂಲ ವಿಷಯಗಳನ್ನು ತಿಳಿದುಕೊಂಡರೆ ಈ ನಷ್ಟವನ್ನು ತಪ್ಪಿಸಬಹುದು.

ಎರಡು ಅಂಕಿಗಳ ಅರ್ಥ

ಪ್ರತಿಯೊಂದು ದುರ್ಬೀನಿನ ಮೇಲೂ 8×42, 10×50, 8×25 ಎಂಬಂತೆ ಎರಡು ಅಂಕಿಗಳಿರುತ್ತವೆ. ಮೊದಲನೆಯದು ವರ್ಧನೆ, ಅಂದರೆ ವಸ್ತು ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬ ಲೆಕ್ಕ. ಎರಡನೆಯದು ಹಕ್ಕಿಯ ಕಡೆಗಿರುವ ದೊಡ್ಡ ಮಸೂರದ ವ್ಯಾಸ, ಇದನ್ನು ಮಿ.ಮೀ.ಗಳಲ್ಲಿ ಹೇಳಲಾಗುತ್ತದೆ. 8×42 ಎಂದರೆ ಎಂಟು ಪಟ್ಟು ವರ್ಧನೆ, 42 ಮಿ.ಮೀ. ವ್ಯಾಸದ ಮಸೂರ. ಮೊದಲ ಅಂಕಿ ಬಿಂಬದ ಗಾತ್ರವನ್ನೂ, ಎರಡನೆಯದು ಒಳಬರುವ ಬೆಳಕಿನ ಪ್ರಮಾಣವನ್ನೂ ನಿರ್ಧರಿಸುತ್ತದೆ. ಉಪಕರಣದ ತೂಕವೂ ಬಹುಮಟ್ಟಿಗೆ ಎರಡನೆಯ ಅಂಕಿಯನ್ನೇ ಅವಲಂಬಿಸಿದೆ.

ಎಂಟು ಪಟ್ಟು ವರ್ಧನೆಯನ್ನು ಸರಳವಾಗಿ ಹೀಗೆ ಅರ್ಥಮಾಡಿಕೊಳ್ಳಬಹುದು. 40 ಮೀಟರ್ ದೂರದ ಕೊಂಬೆಯ ಮೇಲಿರುವ ಸೂರಕ್ಕಿ, 8 ಪಟ್ಟಿನ ದುರ್ಬೀನಿನಲ್ಲಿ 5 ಮೀಟರ್ ದೂರದಲ್ಲಿದ್ದಂತೆ ಕಾಣುತ್ತದೆ. 10 ಪಟ್ಟಿನದರಲ್ಲಿ ಅದೇ ಹಕ್ಕಿ 4 ಮೀಟರ್ ದೂರದಲ್ಲಿದ್ದಂತೆ ಕಾಣುತ್ತದೆ. ಎಂಟರಿಂದ ಹತ್ತಕ್ಕೆ ಏರಿದಾಗ ಸಿಗುವ ಲಾಭ ಇಷ್ಟೇ. ಈ ಒಂದು ಮೀಟರ್ ಲಾಭಕ್ಕೆ ತೆರಬೇಕಾದ ಬೆಲೆ ಏನೆಂಬುದನ್ನು ನೋಡಬೇಕು.

ವರ್ಧನೆ ಹೆಚ್ಚಿದಷ್ಟೂ ತೊಡಕು

ಕೈಯಲ್ಲಿ ಹಿಡಿದ ಯಾವುದೇ ವಸ್ತು ಸ್ವಲ್ಪವಾದರೂ ನಡುಗುತ್ತದೆ. ಉಸಿರಾಟ, ನಾಡಿಬಡಿತ, ತೋಳಿನ ಆಯಾಸ ಇದಕ್ಕೆ ಕಾರಣ. ದುರ್ಬೀನು ಹಕ್ಕಿಯನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆಯೋ ಕೈನಡುಕವನ್ನೂ ಅಷ್ಟೇ ಪಟ್ಟು ಹಿಗ್ಗಿಸುತ್ತದೆ. ಏಳೆಂಟು ಪಟ್ಟಿನವರೆಗೆ ಈ ನಡುಕ ಹೆಚ್ಚು ಬಾಧಿಸುವುದಿಲ್ಲ. ಹತ್ತು ಪಟ್ಟಿನಲ್ಲಿ ಕೈಗೆ ಅಭ್ಯಾಸ ಬೇಕು. ಹನ್ನೆರಡು ದಾಟಿದರೆ ಮುಕ್ಕಾಲಿಯ ಆಸರೆಯಿಲ್ಲದೆ ಸ್ಥಿರ ಬಿಂಬ ಸಿಗುವುದು ಕಷ್ಟ. ಹಕ್ಕಿ ದೊಡ್ಡದಾಗಿ ಕಂಡರೂ ಅದರ ಕಣ್ಣಿನ ಸುತ್ತಲಿನ ಉಂಗುರವಾಗಲಿ ರೆಕ್ಕೆಯ ಪಟ್ಟೆಯಾಗಲಿ ಕಾಣದಿದ್ದರೆ ಪ್ರಯೋಜನವಿಲ್ಲ.

ಎರಡನೆಯ ತೊಡಕು ದೃಷ್ಟಿಕ್ಷೇತ್ರದ್ದು. ದುರ್ಬೀನಿನ ಮೂಲಕ ಒಮ್ಮೆಗೆ ಕಾಣುವ ವೃತ್ತಾಕಾರದ ನೋಟದ ಅಗಲವೇ ದೃಷ್ಟಿಕ್ಷೇತ್ರ. ಇದನ್ನು ಕೋನದಲ್ಲಾಗಲಿ, 1000 ಮೀಟರ್ ದೂರದಲ್ಲಿ ಎಷ್ಟು ಮೀಟರ್ ಅಗಲ ಕಾಣುತ್ತದೆ ಎಂದಾಗಲಿ ಉಪಕರಣದ ಮೇಲೆ ನಮೂದಿಸಿರುತ್ತಾರೆ. ಒಂದು ಡಿಗ್ರಿಗೆ ಸುಮಾರು 17.5 ಮೀಟರ್ ಎಂಬುದು ಲೆಕ್ಕ. ವರ್ಧನೆ ಹೆಚ್ಚಿದಂತೆ ಈ ಅಗಲ ಸಾಮಾನ್ಯವಾಗಿ ಕುಗ್ಗುತ್ತದೆ.

ಉದಾಹರಣೆಗೆ, 8 ಡಿಗ್ರಿ ದೃಷ್ಟಿಕ್ಷೇತ್ರದ 8 ಪಟ್ಟಿನ ದುರ್ಬೀನಿನಲ್ಲಿ 1000 ಮೀಟರ್ ದೂರದಲ್ಲಿ ಸುಮಾರು 140 ಮೀಟರ್ ಅಗಲ ಕಾಣುತ್ತದೆ. 6.5 ಡಿಗ್ರಿಯ 10 ಪಟ್ಟಿನದರಲ್ಲಿ ಕಾಣುವುದು ಸುಮಾರು 114 ಮೀಟರ್ ಮಾತ್ರ. ವೃತ್ತದ ವಿಸ್ತೀರ್ಣವನ್ನು ಲೆಕ್ಕ ಹಾಕಿದರೆ ಮೊದಲನೆಯದರಲ್ಲಿ ಎರಡನೆಯದರ ಒಂದೂವರೆ ಪಟ್ಟು ಪ್ರದೇಶ ಕಾಣುತ್ತದೆ. ಮಾವಿನ ಮರದ ಎಲೆಗಳ ನಡುವೆ ಕ್ಷಣಕ್ಕೊಂದು ಕೊಂಬೆಗೆ ನೆಗೆಯುವ ಉಲಿಯಕ್ಕಿಯನ್ನು ಹಿಂಬಾಲಿಸುವವರಿಗೆ ಈ ಅಂತರ ಬಹಳ ದೊಡ್ಡದು. ಹೊಸಬರು ಎದುರಿಸುವ ಮೊದಲ ಸಮಸ್ಯೆಯೇ ಬರಿಗಣ್ಣಿಗೆ ಕಂಡ ಹಕ್ಕಿ ದುರ್ಬೀನಿನೊಳಗೆ ಸಿಗದಿರುವುದು. ಅಗಲವಾದ ನೋಟ ಇದಕ್ಕೆ ಪರಿಹಾರ.

ವರ್ಧನೆಯನ್ನು ಏರಿಳಿಸಬಹುದಾದ 'ಜೂಮ್' ದುರ್ಬೀನುಗಳು ಆಕರ್ಷಕವಾಗಿ ತೋರುತ್ತವೆ. ಆದರೆ ಅವುಗಳ ದೃಷ್ಟಿಕ್ಷೇತ್ರ ಕಡಿಮೆ ವರ್ಧನೆಯಲ್ಲಿಯೂ ಇಕ್ಕಟ್ಟಾಗಿರುತ್ತದೆ. ಚಲಿಸುವ ಬಿಡಿಭಾಗಗಳು ಹೆಚ್ಚಿರುವುದರಿಂದ ಎಡ-ಬಲ ಕೊಳವೆಗಳ ಹೊಂದಾಣಿಕೆಯೂ ಬೇಗ ತಪ್ಪುತ್ತದೆ. ಪಕ್ಷಿವೀಕ್ಷಣೆಗೆ ಅವು ತಕ್ಕವಲ್ಲ.

ಬೆಳಕಿನ ಲೆಕ್ಕ

ಹಕ್ಕಿಗಳು ಚಟುವಟಿಕೆಯಿಂದಿರುವುದು ಮುಂಜಾವದಲ್ಲಿ ಮತ್ತು ಸಂಜೆಯಲ್ಲಿ. ಆಗ ಬೆಳಕು ಕಡಿಮೆ. ಮಲೆನಾಡಿನ ಕಾಡಿನೊಳಗಂತೂ ನಡುಹಗಲಿನಲ್ಲೂ ಮಬ್ಬು. ಆದ್ದರಿಂದ ದುರ್ಬೀನು ಎಷ್ಟು ಬೆಳಕನ್ನು ಕಣ್ಣಿಗೆ ತಲುಪಿಸುತ್ತದೆ ಎಂಬುದು ಮುಖ್ಯ.

ಇದನ್ನು ತಿಳಿಯಲು ಒಂದು ಸುಲಭ ಸೂತ್ರವಿದೆ: ಮಸೂರದ ವ್ಯಾಸವನ್ನು ವರ್ಧನೆಯಿಂದ ಭಾಗಿಸಬೇಕು. ದುರ್ಬೀನನ್ನು ಕಣ್ಣಿನಿಂದ ಒಂದು ಅಡಿ ದೂರದಲ್ಲಿ ಆಕಾಶದತ್ತ ಹಿಡಿದರೆ ಕಣ್ಣಿನ ಕಡೆಯ ಮಸೂರದಲ್ಲಿ ಬೆಳಕಿನ ಒಂದು ಚಿಕ್ಕ ಬಿಲ್ಲೆ ಕಾಣುತ್ತದೆ. ಭಾಗಲಬ್ಧವು ಈ ಬಿಲ್ಲೆಯ ವ್ಯಾಸ. ತಯಾರಕರ ವಿವರಪಟ್ಟಿಯಲ್ಲಿ ಇದಕ್ಕೆ 'ಎಕ್ಸಿಟ್ ಪ್ಯೂಪಿಲ್' ಎಂದು ಹೆಸರು.

8×42ರಲ್ಲಿ ಇದು 5.25 ಮಿ.ಮೀ., 10×42ರಲ್ಲಿ 4.2 ಮಿ.ಮೀ., 8×32ರಲ್ಲಿ 4 ಮಿ.ಮೀ., ಜೇಬಿನಲ್ಲಿಡಬಹುದಾದ 8×25ರಲ್ಲಿ ಸುಮಾರು 3.1 ಮಿ.ಮೀ. ಮನುಷ್ಯನ ಕಣ್ಣಿನ ಪಾಪೆ ಪ್ರಖರ ಹಗಲಿನಲ್ಲಿ ಎರಡು ಮೂರು ಮಿ.ಮೀ.ಗೆ ಕುಗ್ಗುತ್ತದೆ; ಕತ್ತಲಲ್ಲಿ ಯುವಕರಲ್ಲಿ ಸುಮಾರು 7 ಮಿ.ಮೀ.ವರೆಗೂ ಹಿಗ್ಗುತ್ತದೆ. ವಯಸ್ಸಾದಂತೆ ಹೀಗೆ ಹಿಗ್ಗುವ ಶಕ್ತಿ ಕಡಿಮೆಯಾಗುತ್ತದೆ. ನಡುಹಗಲಿನಲ್ಲಿ 8×25 ಕೂಡ ಸಾಕಷ್ಟು ಪ್ರಕಾಶಮಾನವಾಗಿ ತೋರುವುದು ಇದರಿಂದಲೇ. ಬೆಳಗಿನ ಆರು ಗಂಟೆಗೆ ಅದೇ ಉಪಕರಣ ಕಪ್ಪಾಗಿ ತೋರುತ್ತದೆ. ಹಗಲು, ಮಬ್ಬು ಎರಡಕ್ಕೂ ಹೊಂದುವ ಪ್ರಮಾಣ 4ರಿಂದ 5 ಮಿ.ಮೀ.

ಇದರ ಮತ್ತೊಂದು ಅನುಕೂಲವೂ ಇದೆ. ಬೆಳಕಿನ ಬಿಲ್ಲೆ ದೊಡ್ಡದಾಗಿದ್ದರೆ ಕಣ್ಣು ಕೊಂಚ ಅತ್ತಿತ್ತ ಸರಿದರೂ ನೋಟ ಕಪ್ಪಾಗುವುದಿಲ್ಲ. ದುರ್ಬೀನು ಹಿಡಿದು ಅಭ್ಯಾಸವಿಲ್ಲದವರಿಗೆ ಇದು ದೊಡ್ಡ ಸಹಾಯ.

ಒಳಗಿರುವ ಪ್ರಿಸಂ

ಎರಡು ಮಸೂರಗಳನ್ನು ಮಾತ್ರ ಜೋಡಿಸಿದ ಸಾಮಾನ್ಯ ದೂರದರ್ಶಕದಲ್ಲಿ ಬಿಂಬ ತಲೆಕೆಳಗಾಗಿರುತ್ತದೆ. ಅದನ್ನು ನೇರಗೊಳಿಸಲು ದುರ್ಬೀನಿನೊಳಗೆ ಗಾಜಿನ ಪ್ರಿಸಂಗಳನ್ನು ಇಡುತ್ತಾರೆ. ಇಟಲಿಯ ಇಗ್ನಾಜಿಯೊ ಪೊರೊ 1854ರಲ್ಲಿ ಇಂಥ ವ್ಯವಸ್ಥೆಗೆ ಪೇಟೆಂಟ್ ಪಡೆದನು. ಜರ್ಮನಿಯ ಝೈಸ್ ಸಂಸ್ಥೆ 1894ರಲ್ಲಿ ಇದನ್ನು ಬಳಸಿದ ದುರ್ಬೀನುಗಳನ್ನು ಮಾರುಕಟ್ಟೆಗೆ ತಂದಿತು. ಇಂದಿನ ದುರ್ಬೀನುಗಳು ಆ ಪರಂಪರೆಯವೇ.

ಪ್ರಿಸಂ ಜೋಡಣೆಯಲ್ಲಿ ಎರಡು ಬಗೆ. ಪೊರೊ ಬಗೆಯಲ್ಲಿ ಮುಂದಿನ ಮಸೂರಗಳು ಅಗಲವಾಗಿಯೂ ಕಣ್ಣಿನ ಕಡೆಯ ಮಸೂರಗಳು ಹತ್ತಿರವಾಗಿಯೂ ಇದ್ದು, ಕೊಳವೆ ನಡುವೆ ತಿರುವು ಪಡೆದಂತಿರುತ್ತದೆ. ಹಳೆಯ ಸಿನಿಮಾಗಳಲ್ಲಿ ಸೇನಾಧಿಕಾರಿಗಳ ಕೈಯಲ್ಲಿ ಕಾಣುವುದು ಇದೇ. 'ರೂಫ್' ಬಗೆಯಲ್ಲಿ ಕೊಳವೆಗಳು ನೇರವಾಗಿರುತ್ತವೆ. ಉಪಕರಣ ಸಣ್ಣದಾಗಿ, ಹಿಡಿಯಲು ಅಡಕವಾಗಿರುತ್ತದೆ.

ರೂಫ್ ಪ್ರಿಸಂಗಳನ್ನು ಹೆಚ್ಚು ನಿಖರವಾಗಿ ಅರೆಯಬೇಕಾಗುತ್ತದೆ. ಅಲ್ಲದೆ ಅವುಗಳಲ್ಲಿ ಬೆಳಕು ಎರಡಾಗಿ ಸೀಳಿ ಮತ್ತೆ ಕೂಡುವಾಗ ಬಿಂಬದ ಸ್ಫುಟತೆ ಕೊಂಚ ಕುಂದುತ್ತದೆ. ಇದನ್ನು ಸರಿಪಡಿಸುವ 'ಫೇಸ್ ಕೋಟಿಂಗ್' ಎಂಬ ಲೇಪನ 1988ರಲ್ಲಿ ಝೈಸ್ ಸಂಸ್ಥೆಯಿಂದ ಬಳಕೆಗೆ ಬಂದಿತು. ಹೀಗಾಗಿ ಒಳ್ಳೆಯ ರೂಫ್ ದುರ್ಬೀನು ಸಹಜವಾಗಿಯೇ ದುಬಾರಿ. ಕಡಿಮೆ ಹಣದಲ್ಲಿ ಸ್ಫುಟ ಬಿಂಬ ಬೇಕೆನ್ನುವವರಿಗೆ ಪೊರೊ ಬಗೆಯೇ ಲಾಭದಾಯಕ. ಆದರೆ ಬಹುತೇಕ ಅಗ್ಗದ ಪೊರೊ ದುರ್ಬೀನುಗಳಿಗೆ ನೀರು ತಡೆಯುವ ರಕ್ಷಣೆ ಇರುವುದಿಲ್ಲ. ಬಯಲುಸೀಮೆಯವರು ಪೊರೊ, ಮಲೆನಾಡು-ಕರಾವಳಿಯವರು ಜಲನಿರೋಧಕ ರೂಫ್ ಎಂದು ಸ್ಥೂಲವಾಗಿ ಹೇಳಬಹುದು.

ಲೇಪನದ ಮಹತ್ವ

ಲೇಪನವಿಲ್ಲದ ಗಾಜಿನ ಪ್ರತಿಯೊಂದು ಮೇಲ್ಮೈಯಲ್ಲೂ ಬೆಳಕಿನ ಸುಮಾರು ಶೇ. 4ರಷ್ಟು ಪ್ರತಿಫಲಿಸಿ ವ್ಯರ್ಥವಾಗುತ್ತದೆ. ದುರ್ಬೀನಿನ ಒಂದು ಕೊಳವೆಯಲ್ಲಿ ಇಂಥ ಹತ್ತು ಮೇಲ್ಮೈಗಳಿದ್ದರೆ ಮೂರನೇ ಒಂದು ಭಾಗದಷ್ಟು ಬೆಳಕು ಕಣ್ಣಿಗೆ ತಲುಪುವುದೇ ಇಲ್ಲ. ಪೋಲಾದ ಬೆಳಕು ಒಳಗೆಲ್ಲ ಚದುರಿ ಬಿಂಬವನ್ನು ಮಸುಕಾಗಿಸುತ್ತದೆ. 1935ರಲ್ಲಿ ಝೈಸ್ ಸಂಸ್ಥೆಯ ವಿಜ್ಞಾನಿ ಅಲೆಕ್ಸಾಂಡರ್ ಸ್ಮಕುಲಾ ರೂಪಿಸಿದ ಪ್ರತಿಫಲನ ನಿರೋಧಕ ಲೇಪನ ಈ ನಷ್ಟವನ್ನು ಬಹಳ ಕಡಿಮೆ ಮಾಡಿತು. ಇಂದು ಹಲವು ಪದರಗಳ ಲೇಪನ ಬಳಕೆಯಲ್ಲಿದೆ.

ಪೆಟ್ಟಿಗೆಯ ಮೇಲಿನ ಪದಗಳನ್ನು ಎಚ್ಚರದಿಂದ ಓದಬೇಕು. ಬರೀ 'ಕೋಟೆಡ್' ಎಂದಿದ್ದರೆ ಕೆಲವು ಮೇಲ್ಮೈಗಳಿಗೆ ಮಾತ್ರ ಒಂದು ಪದರದ ಲೇಪನ. 'ಫುಲ್ಲಿ ಕೋಟೆಡ್' ಎಂದರೆ ಎಲ್ಲ ಮೇಲ್ಮೈಗಳಿಗೂ ಒಂದು ಪದರ. 'ಮಲ್ಟಿ ಕೋಟೆಡ್' ಎಂದರೆ ಕೆಲವಕ್ಕೆ ಹಲವು ಪದರ. 'ಫುಲ್ಲಿ ಮಲ್ಟಿ ಕೋಟೆಡ್' ಎಂಬುದು ಎಲ್ಲ ಮೇಲ್ಮೈಗಳಿಗೂ ಹಲವು ಪದರ; ಇದೇ ಅತ್ಯುತ್ತಮ.

ಕೆಂಪು ಮಾಣಿಕ್ಯದಂತೆ ಹೊಳೆಯುವ ಮಸೂರಗಳಿರುವ ದುರ್ಬೀನುಗಳನ್ನು ಪ್ರವಾಸಿ ತಾಣಗಳಲ್ಲೂ ಅಂತರ್ಜಾಲ ಮಳಿಗೆಗಳಲ್ಲೂ ಕಾಣಬಹುದು. ಈ ಲೇಪನ ಕೆಂಪು ಬೆಳಕನ್ನು ಹೊರಕ್ಕೆ ತಳ್ಳುತ್ತದೆ. ಇದರಿಂದ ಬಿಂಬದ ಬಣ್ಣ ನೀಲಿ-ಹಸಿರಿನತ್ತ ವಾಲುತ್ತದೆ. ಕೆಮ್ಮೀಸೆ ಪಿಕಳಾರದ ಕಣ್ಣಿನ ಹಿಂದಿನ ಪುಟ್ಟ ಕೆಂಪು ಮಚ್ಚೆಯನ್ನು ಗುರುತಿಸಬೇಕಾದವರಿಗೆ ಇಂಥ ಮಸೂರ ಅಡ್ಡಿಯೇ ಹೊರತು ನೆರವಲ್ಲ.

'ಇ.ಡಿ.' ಎಂಬ ಗುರುತಿರುವ ದುರ್ಬೀನುಗಳಲ್ಲಿ ವರ್ಣದೋಷವನ್ನು ತಗ್ಗಿಸುವ ವಿಶೇಷ ಗಾಜು ಇರುತ್ತದೆ. ಬೆಳ್ಳನೆಯ ಆಕಾಶದ ಎದುರು ಕುಳಿತ ಹಕ್ಕಿಯ ಅಂಚಿನಲ್ಲಿ ನೇರಳೆ ಅಥವಾ ಹಸಿರು ಗೆರೆ ಕಾಣುವುದೇ ವರ್ಣದೋಷ. ಇ.ಡಿ. ಗಾಜು ಇದ್ದರೆ ಒಳಿತು, ಆದರೆ ಮೊದಲ ದುರ್ಬೀನಿಗೆ ಅದು ಅನಿವಾರ್ಯವಲ್ಲ.

ಕನ್ನಡಕ ಧರಿಸುವವರು ಮತ್ತು ಮಕ್ಕಳು

ಕನ್ನಡಕ ಧರಿಸುವವರು ಅಂಕಿಗಳ ಪಟ್ಟಿಯಲ್ಲಿ 'ಐ ರಿಲೀಫ್' ಎಂಬುದನ್ನು ತಪ್ಪದೇ ನೋಡಬೇಕು. ಕಣ್ಣು ಮಸೂರದಿಂದ ಎಷ್ಟು ದೂರದಲ್ಲಿದ್ದರೂ ಪೂರ್ಣ ನೋಟ ಸಿಗುತ್ತದೆ ಎಂಬುದನ್ನು ಅದು ತಿಳಿಸುತ್ತದೆ. ಕನ್ನಡಕದ ಗಾಜು ಕಣ್ಣನ್ನು ದೂರವಿಡುವುದರಿಂದ ಅವರಿಗೆ ಕನಿಷ್ಠ 15 ಮಿ.ಮೀ. ಬೇಕು, ಇನ್ನೂ ಒಂದೆರಡು ಮಿ.ಮೀ. ಹೆಚ್ಚಿದ್ದರೆ ಉತ್ತಮ. ಕಡಿಮೆಯಿದ್ದರೆ ಬಾಗಿಲ ಸಂದಿಯಿಂದ ಇಣುಕಿದಂತೆ ನಡುಭಾಗ ಮಾತ್ರ ಕಾಣುತ್ತದೆ. ಕಣ್ಣಿನ ಕಡೆಯ ರಬ್ಬರ್ ಬಟ್ಟಲುಗಳನ್ನು ಕನ್ನಡಕ ಇರುವವರು ಒಳಕ್ಕೆ ಇಳಿಸಿ, ಇಲ್ಲದವರು ಹೊರಕ್ಕೆ ಎಳೆದು ಬಳಸಬೇಕು.

ಮಕ್ಕಳಿಗೆ ಕೊಡಿಸುವಾಗ ತೂಕ ಮತ್ತು ಕಣ್ಣುಗಳ ಅಂತರ ಎರಡನ್ನೂ ಗಮನಿಸಬೇಕು. ಅನೇಕ ದುರ್ಬೀನುಗಳ ಕೊಳವೆಗಳು 56 ಮಿ.ಮೀ.ಗಿಂತ ಹತ್ತಿರ ಬರುವುದಿಲ್ಲ. ಚಿಕ್ಕ ಮಕ್ಕಳ ಎರಡು ಕಣ್ಣುಗಳ ಅಂತರ ಇದಕ್ಕಿಂತ ಕಡಿಮೆ ಇರುತ್ತದೆ. ಅಂಥವರಿಗೆ ಎರಡು ಬೇರೆ ಬೇರೆ ವೃತ್ತಗಳು ಕಂಡು ಬೇಸರ ಹುಟ್ಟುತ್ತದೆ. ಹಗುರವಾದ 6×30 ಅಥವಾ 8×32 ಅವರಿಗೆ ಅನುಕೂಲ. ಆಟಿಕೆಯ ಪ್ಲಾಸ್ಟಿಕ್ ದುರ್ಬೀನು ಕೊಡಿಸುವುದರಿಂದ ಮಗುವಿನ ಕುತೂಹಲ ಕುಂದೀತೇ ಹೊರತು ಬೆಳೆಯದು.

ಮಳೆ, ತೇವ, ಬೂಷ್ಟು

ಮಸೂರಗಳಿಗೆ ನಮ್ಮ ಹವಾಮಾನದಲ್ಲಿ ದೊಡ್ಡ ಶತ್ರು ಬೂಷ್ಟು. ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಮುಚ್ಚಿಟ್ಟ ದುರ್ಬೀನಿನ ಮಸೂರಗಳ ಮೇಲೆ ಜೇಡರ ಬಲೆಯಂತೆ ಬೂಷ್ಟು ಹಬ್ಬುತ್ತದೆ. ಒಳಗೆ ಹಬ್ಬಿದರೆ ಬಿಚ್ಚಿ ತೊಳೆಸುವುದು ದುಬಾರಿ, ಕೆಲವೊಮ್ಮೆ ಅಸಾಧ್ಯ.

ಜಲನಿರೋಧಕ ದುರ್ಬೀನುಗಳಲ್ಲಿ ಗಾಳಿಯ ಬದಲು ಒಣ ಸಾರಜನಕ ತುಂಬಿ ಬಿಗಿಯಾಗಿ ಮುಚ್ಚಿರುತ್ತಾರೆ. ಇದರಿಂದ ಒಳಗೆ ಆವಿ ಕಟ್ಟುವುದಿಲ್ಲ, ಬೂಷ್ಟಿನ ಅಪಾಯವೂ ಕಡಿಮೆ. ಕೊಡಗು, ಆಗುಂಬೆ, ಕಾರವಾರದಂಥ ಕಡೆ ಓಡಾಡುವವರು ಇದಕ್ಕಾಗಿ ಕೊಂಚ ಹೆಚ್ಚು ಹಣ ತೆತ್ತರೂ ನಷ್ಟವಿಲ್ಲ. ಯಾವುದೇ ದುರ್ಬೀನಾದರೂ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡುವುದು ಕ್ಷೇಮ. ಅದರ ತೇವವನ್ನು ಆಗಾಗ ಕಾಯಿಸಿ ತೆಗೆಯಬೇಕು.

ಮಸೂರದ ಮೇಲಿನ ಧೂಳನ್ನು ಅಂಗಿಯ ಚುಂಗಿನಿಂದಲೋ ಸೀರೆಯ ಸೆರಗಿನಿಂದಲೋ ಒರೆಸಬಾರದು. ಧೂಳಿನ ಕಣಗಳು ಲೇಪನವನ್ನು ಗೀರುತ್ತವೆ. ಮೊದಲು ಗಾಳಿ ಊದಿ, ಮೃದುವಾದ ಕುಂಚದಿಂದ ಧೂಳು ತೆಗೆದು, ಬಳಿಕವಷ್ಟೇ ಮಸೂರಕ್ಕೆಂದೇ ಇರುವ ಬಟ್ಟೆಯಿಂದ ಹಗುರವಾಗಿ ಒರೆಸಬೇಕು. ದುರ್ಬೀನಿನ ಮೂಲಕ ಸೂರ್ಯನನ್ನು ಎಂದಿಗೂ ನೋಡಬಾರದು. ಕ್ಷಣಮಾತ್ರದಲ್ಲಿ ಕಣ್ಣಿಗೆ ಶಾಶ್ವತ ಹಾನಿಯಾಗಬಹುದು. ಹದ್ದು, ಗಿಡುಗಗಳನ್ನು ಆಕಾಶದಲ್ಲಿ ಹಿಂಬಾಲಿಸುವಾಗ ಈ ಎಚ್ಚರ ವಿಶೇಷವಾಗಿ ಅಗತ್ಯ.

ಎಲ್ಲಿಗೆ ಯಾವುದು?

ರಾಜ್ಯದ ಪಕ್ಷಿತಾಣಗಳು ಒಂದೇ ಬಗೆಯವಲ್ಲ. ದುರ್ಬೀನಿನ ಆಯ್ಕೆಯೂ ಅದಕ್ಕೆ ತಕ್ಕಂತೆ ಸ್ವಲ್ಪ ಬದಲಾಗುತ್ತದೆ.

ಸಾಲಿಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವೆನಿಸಿದ ರಂಗನತಿಟ್ಟಿನಲ್ಲಿ ಹಕ್ಕಿಗಳನ್ನು ದೋಣಿಯಿಂದ ನೋಡಬೇಕಾಗುತ್ತದೆ. ಓಲಾಡುವ ದೋಣಿಯಲ್ಲಿ ಹತ್ತು ಪಟ್ಟಿನ ದುರ್ಬೀನು ಕಷ್ಟ. ಏಳು ಅಥವಾ ಎಂಟು ಪಟ್ಟಿನದು ಸುಖ. ಮದ್ದೂರು ಬಳಿಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಊರ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಅಲ್ಲಿಯೂ ಹೆಚ್ಚಿನ ವರ್ಧನೆಯ ಅಗತ್ಯವಿಲ್ಲ.

ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುವ ಗದಗ ಜಿಲ್ಲೆಯ ಮಾಗಡಿ ಕೆರೆಯಂಥ ವಿಶಾಲ ಜಲರಾಶಿಗಳಲ್ಲಿ ಸನ್ನಿವೇಶ ಬೇರೆ. ಹಕ್ಕಿಗಳು ದೂರದಲ್ಲಿ, ಬಯಲಿನಲ್ಲಿ, ಹೆಚ್ಚಾಗಿ ನಿಶ್ಚಲವಾಗಿ ಇರುತ್ತವೆ. ಇಲ್ಲಿ 10×42 ಉಪಯುಕ್ತ. ಕೆರೆಯಂಚಿನ ಸಣ್ಣ ಗದ್ದೆಗೊರವಗಳನ್ನು ಬಿಡಿಬಿಡಿಯಾಗಿ ಗುರುತಿಸಲು 20ರಿಂದ 60 ಪಟ್ಟಿನ 'ಸ್ಪಾಟಿಂಗ್ ಸ್ಕೋಪ್' ಎಂಬ ಒಂಟಿಗಣ್ಣಿನ ದೂರದರ್ಶಕವನ್ನು ಮುಕ್ಕಾಲಿಯ ಮೇಲಿಟ್ಟು ಬಳಸುತ್ತಾರೆ. ಆದರೆ ಅದು ಎರಡನೆಯ ಹಂತದ ಮಾತು. ಬಿಸಿಲೇರಿದ ಮೇಲೆ ನೀರಿನ ಮೇಲಿನ ಬಿಸಿಗಾಳಿ ಬಿಂಬವನ್ನು ಕುಣಿಸುವುದರಿಂದ ಎಂಥ ಉಪಕರಣವಾದರೂ ಅಷ್ಟಕ್ಕಷ್ಟೇ.

ಪಶ್ಚಿಮ ಘಟ್ಟದ ಕಾಡುಗಳಿಗೆ 8×42 ಉತ್ತಮ. ಬೆಳಕು ಕಡಿಮೆ, ಹಕ್ಕಿಗಳು ಚಂಚಲ, ಸಸ್ಯರಾಶಿ ದಟ್ಟ. ಅಗಲವಾದ, ಪ್ರಕಾಶಮಾನವಾದ ನೋಟವೇ ಅಲ್ಲಿ ಬೇಕಾದದ್ದು. ಲಾಲ್‌ಬಾಗ್, ಕುಕ್ಕರಹಳ್ಳಿ ಕೆರೆಯಂಥ ನಗರದೊಳಗಿನ ತಾಣಗಳಿಗೆ ಹಾಗೂ ಮನೆಯ ಅಂಗಳಕ್ಕೆ 8×32 ಕೂಡ ಸಾಕು. ಹತ್ತಿರದ ಪೊದೆಯಲ್ಲಿನ ಟುವ್ವಿಹಕ್ಕಿಯನ್ನೋ ಚಿಟ್ಟೆಯನ್ನೋ ನೋಡಬೇಕೆಂದರೆ ಎರಡು ಮೂರು ಮೀಟರ್ ಹತ್ತಿರದ ವಸ್ತುವಿಗೂ ಫೋಕಸ್ ಆಗುವ ದುರ್ಬೀನನ್ನು ಆರಿಸಬೇಕು.

ಎಲ್ಲ ಕಡೆಗೂ ಒಂದೇ ಎನ್ನುವವರಿಗೆ ಉತ್ತರ 8×42. ಇದರ ತೂಕ ಸಾಮಾನ್ಯವಾಗಿ 600ರಿಂದ 800 ಗ್ರಾಂ. ಕತ್ತಿಗೆ ಭಾರವೆನಿಸಿದರೆ ತೂಕವನ್ನು ಹೆಗಲಿಗೆ ಹಂಚುವ ಪಟ್ಟಿಗಳು ದೊರೆಯುತ್ತವೆ.

ಬೆಲೆ ಎಷ್ಟು?

ಎರಡು ಮೂರು ಸಾವಿರ ರೂಪಾಯಿಯೊಳಗಿನ, ತಯಾರಕರ ಹೆಸರೇ ಇಲ್ಲದ, ಭಾರೀ ವರ್ಧನೆಯ ಭರವಸೆ ನೀಡುವ ದುರ್ಬೀನುಗಳಿಂದ ದೂರವಿರುವುದು ಲೇಸು. ಹೆಸರಾಂತ ಸಂಸ್ಥೆಗಳ ಪೊರೊ ಬಗೆಯ 8×40 ಅಥವಾ ಆರಂಭಿಕ ದರ್ಜೆಯ ರೂಫ್ ದುರ್ಬೀನುಗಳು ಸ್ಥೂಲವಾಗಿ ಎಂಟರಿಂದ ಹದಿನೈದು ಸಾವಿರ ರೂಪಾಯಿಗೆ ಸಿಗುತ್ತವೆ. ಹೊಸಬರಿಗೆ ಇದು ತಕ್ಕ ಮಟ್ಟ. ಇಪ್ಪತ್ತು ಸಾವಿರ ದಾಟಿದರೆ ಫೇಸ್ ಕೋಟಿಂಗ್, ಜಲನಿರೋಧ, ಇ.ಡಿ. ಗಾಜು ಮುಂತಾದ ಸೌಕರ್ಯಗಳು ಸೇರುತ್ತ ಹೋಗುತ್ತವೆ. ಝೈಸ್, ಲೈಕಾ, ಆಸ್ಟ್ರಿಯಾದ ಸ್ವರೋವ್‌ಸ್ಕಿ ಸಂಸ್ಥೆಗಳ ಶ್ರೇಷ್ಠ ದರ್ಜೆಯ ದುರ್ಬೀನುಗಳ ಬೆಲೆ ಲಕ್ಷಗಳಲ್ಲಿದೆ.

ಬೆಲೆ ಏರಿದಂತೆ ಗುಣವೂ ಏರುತ್ತದೆ, ಆದರೆ ಒಂದೇ ಪ್ರಮಾಣದಲ್ಲಲ್ಲ. ಎರಡು ಸಾವಿರದ ದುರ್ಬೀನಿಗೂ ಹತ್ತು ಸಾವಿರದ್ದಕ್ಕೂ ಅಜಗಜಾಂತರ. ಐವತ್ತು ಸಾವಿರದ್ದಕ್ಕೂ ಎರಡು ಲಕ್ಷದ್ದಕ್ಕೂ ಇರುವ ವ್ಯತ್ಯಾಸ ಪಳಗಿದ ಕಣ್ಣಿಗಷ್ಟೇ ಗೋಚರ. ಕೊಳ್ಳುವ ಮುನ್ನ ನೋಡಿ ತಿಳಿಯಬೇಕೆನ್ನುವವರಿಗೆ ಒಂದು ದಾರಿಯಿದೆ. ಬೆಂಗಳೂರಿನ ಬರ್ಡ್‌ವಾಚರ್ಸ್ ಫೀಲ್ಡ್ ಕ್ಲಬ್‌ನಂಥ ಹವ್ಯಾಸಿ ಬಳಗಗಳ ಹೊರಸಂಚಾರದಲ್ಲಿ ಪಾಲ್ಗೊಂಡರೆ ನಾಲ್ಕಾರು ಬಗೆಯ ದುರ್ಬೀನುಗಳನ್ನು ಕೇಳಿ ಪಡೆದು ನೋಡುವ ಅವಕಾಶ ಸಿಗುತ್ತದೆ.

ಅಂಗಡಿಯಲ್ಲಿ ಪರೀಕ್ಷಿಸುವ ಬಗೆ

ಒಂದೇ ಮಾದರಿಯ ಎರಡು ದುರ್ಬೀನುಗಳ ನಡುವೆಯೂ ಗುಣವ್ಯತ್ಯಾಸ ಇರಬಹುದು. ಆದ್ದರಿಂದ ಸಾಧ್ಯವಾದರೆ ಅಂಗಡಿಗೇ ಹೋಗಿ, ಬಾಗಿಲಾಚೆ ನಿಂತು ಪರೀಕ್ಷಿಸುವುದು ಒಳಿತು.

• ರಸ್ತೆಯಾಚೆಯ ನಾಮಫಲಕವೊಂದನ್ನು ನೋಡಬೇಕು. ಅಕ್ಷರಗಳು ನಡುವೆ ಸ್ಫುಟವಾಗಿರಬೇಕು. ಅಂಚಿನಲ್ಲಿ ಕೊಂಚ ಮಸುಕಾದರೆ ಚಿಂತೆಯಿಲ್ಲ, ಅರ್ಧಭಾಗವೇ ಮಸುಕಾದರೆ ಬೇಡ.

• ಆಕಾಶದ ಎದುರಿನ ವಿದ್ಯುತ್ ತಂತಿ ಅಥವಾ ಕೊಂಬೆಯನ್ನು ನೋಡಿ ಅಂಚಿನಲ್ಲಿ ಬಣ್ಣದ ಗೆರೆ ಎಷ್ಟಿದೆ ಎಂದು ಗಮನಿಸಬೇಕು.

• ಎರಡು ನಿಮಿಷ ಒಂದೇ ಸಮನೆ ನೋಡಬೇಕು. ಬಿಂಬ ಎರಡಾಗಿ ಕಂಡರೆ ಅಥವಾ ಕಣ್ಣು ಎಳೆದಂತಾದರೆ ಎರಡು ಕೊಳವೆಗಳು ಒಂದೇ ದಿಕ್ಕಿನಲ್ಲಿಲ್ಲ ಎಂದರ್ಥ. ಅಂಥದನ್ನು ಮುಲಾಜಿಲ್ಲದೆ ಹಿಂದಿರುಗಿಸಬೇಕು.

• ದುರ್ಬೀನನ್ನು ದೂರ ಹಿಡಿದು ಬೆಳಕಿನ ಬಿಲ್ಲೆಗಳನ್ನು ನೋಡಬೇಕು. ಅವು ದುಂಡಗಿರಬೇಕು. ಚೌಕದಂತೆ ಅಂಚು ಕತ್ತರಿಸಿದ್ದರೆ ಒಳಗಿರುವುದು ಕಡಿಮೆ ದರ್ಜೆಯ ಪ್ರಿಸಂ ಇರಬಹುದು.

• ಫೋಕಸ್ ಗಾಲಿಯನ್ನು ಪೂರ್ತಿ ತಿರುಗಿಸಿ ನೋಡಬೇಕು. ಅದು ಎಲ್ಲಿಯೂ ತಡೆಯಬಾರದು, ಸಡಿಲವಾಗಿಯೂ ಇರಬಾರದು.

• ವಾರಂಟಿ ಅವಧಿಯನ್ನೂ, ದುರಸ್ತಿ ಸೌಲಭ್ಯ ಭಾರತದಲ್ಲೇ ಇದೆಯೇ ಎಂಬುದನ್ನೂ ಕೇಳಿ ತಿಳಿಯಬೇಕು.

ಅಂತರ್ಜಾಲದಲ್ಲಿ ಕೊಳ್ಳುವವರು ಹಿಂದಿರುಗಿಸುವ ಅವಧಿಯೊಳಗೇ ಈ ಪರೀಕ್ಷೆಗಳನ್ನು ಮನೆಯಲ್ಲಿ ಮುಗಿಸಬೇಕು.

ಮೊದಲ ದಿನ ಮಾಡಬೇಕಾದ ಹೊಂದಾಣಿಕೆ

ಒಳ್ಳೆಯ ದುರ್ಬೀನು ಕೊಂಡೂ ಅದನ್ನು ತಮ್ಮ ಕಣ್ಣಿಗೆ ಹೊಂದಿಸಿಕೊಳ್ಳದೆ 'ಮಸುಕಾಗಿದೆ' ಎಂದು ದೂರುವವರುಂಟು. ಮೊದಲು ಎರಡೂ ಕೊಳವೆಗಳನ್ನು ಹತ್ತಿರ-ದೂರ ಸರಿಸಿ, ಎರಡು ವೃತ್ತಗಳು ಒಂದಾಗಿ ಕಾಣುವಂತೆ ಮಾಡಬೇಕು. ಬಳಿಕ ಬಲಗಡೆಯ ಮುಂಭಾಗವನ್ನು ಅಂಗೈಯಿಂದ ಮುಚ್ಚಿ, ಎಡಗಣ್ಣಿನಿಂದ ದೂರದ ಫಲಕವೊಂದನ್ನು ನೋಡುತ್ತ ನಡುವಿನ ಗಾಲಿಯಿಂದ ಸ್ಫುಟಗೊಳಿಸಬೇಕು. ಅನಂತರ ಎಡಗಡೆಯನ್ನು ಮುಚ್ಚಿ, ಗಾಲಿಯನ್ನು ಮುಟ್ಟದೆ, ಬಲಗಣ್ಣಿನ ಬಳಿಯ ಉಂಗುರವನ್ನಷ್ಟೇ ತಿರುಗಿಸಿ ಅದೇ ಫಲಕವನ್ನು ಸ್ಫುಟಗೊಳಿಸಬೇಕು. ಎರಡು ಕಣ್ಣುಗಳ ದೃಷ್ಟಿಭೇದ ಇಲ್ಲಿಗೆ ಸರಿಹೋಗುತ್ತದೆ. ಮುಂದೆ ನಡುವಿನ ಗಾಲಿ ಒಂದನ್ನೇ ಬಳಸಿದರೆ ಸಾಕು. ಕೆಲವು ಮಾದರಿಗಳಲ್ಲಿ ಈ ಉಂಗುರ ಬೇರೆಡೆ ಇರುತ್ತದೆ; ಕೈಪಿಡಿಯಲ್ಲಿ ವಿವರ ಸಿಗುತ್ತದೆ.

ಹಕ್ಕಿಯನ್ನು ಕಂಡೊಡನೆ ತಲೆ ತಗ್ಗಿಸಿ ದುರ್ಬೀನು ಹುಡುಕುವುದು ಹೊಸಬರ ಸಾಮಾನ್ಯ ತಪ್ಪು. ದೃಷ್ಟಿಯನ್ನು ಹಕ್ಕಿಯ ಮೇಲಿಂದ ಕದಲಿಸದೆ, ದುರ್ಬೀನನ್ನೇ ಕಣ್ಣಿಗೆ ತಂದು ಸೇರಿಸಬೇಕು. ಮನೆಯ ತಾರಸಿಯಲ್ಲಿ ನಿಂತು ತೆಂಗಿನ ಗರಿ, ನೀರಿನ ಟ್ಯಾಂಕು, ಕಾಗೆ-ಪಾರಿವಾಳಗಳ ಮೇಲೆ ಒಂದು ವಾರ ಅಭ್ಯಾಸ ಮಾಡಿದರೆ ಇದು ಕೈಗೂಡುತ್ತದೆ.

ಕ್ಯಾಮೆರಾ ಸಾಲದೇ?

ದೂರದ ಚಿತ್ರ ತೆಗೆಯುವ ಕ್ಯಾಮೆರಾಗಳು ಈಗ ಅನೇಕರ ಕೈಯಲ್ಲಿವೆ. ಇವಿರುವಾಗ ದುರ್ಬೀನು ಏಕೆಂಬ ಪ್ರಶ್ನೆ ಸಹಜ. ಚಿತ್ರ ದಾಖಲೆಗೆ ಬೇಕು, ನಿಜ. ಆದರೆ ಹಕ್ಕಿಯ ನಡೆ, ಬಾಲ ಕುಣಿಸುವ ರೀತಿ, ಆಹಾರ ಹಿಡಿಯುವ ಬಗೆ ಇವುಗಳನ್ನು ಎರಡು ಕಣ್ಣುಗಳಿಂದ ನಿರಂತರ ನೋಡುತ್ತ ಕಲಿಯಲು ದುರ್ಬೀನಿಗೆ ಸಾಟಿಯಿಲ್ಲ. ಸಾಲಿಂ ಅಲಿಯವರ 1941ರ 'ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್', ಪೂರ್ಣಚಂದ್ರ ತೇಜಸ್ವಿಯವರ 'ಕನ್ನಡ ನಾಡಿನ ಹಕ್ಕಿಗಳು' ಮುಂತಾದ ಪುಸ್ತಕಗಳನ್ನು ಹಿಡಿದು ಹಕ್ಕಿ ಗುರುತಿಸಲು ಹೊರಡುವವರಿಗೆ ಈ ಅಂಶ ಬೇಗ ಮನವರಿಕೆಯಾಗುತ್ತದೆ.

ಇನ್ನೊಂದು ಕಾರಣ ಹಕ್ಕಿಗಳಿಗೇ ಸಂಬಂಧಿಸಿದ್ದು. ಒಳ್ಳೆಯ ಚಿತ್ರದ ಹಂಬಲ ಮನುಷ್ಯನನ್ನು ಗೂಡಿನ ಸಮೀಪಕ್ಕೆ ಎಳೆಯುತ್ತದೆ. ತಾಯಿಹಕ್ಕಿ ಬೆದರಿ ಎದ್ದುಹೋದರೆ ಮೊಟ್ಟೆಗಳು ಬಿಸಿಲಿಗೆ ಬೇಯುತ್ತವೆ, ಮರಿಗಳು ಕಾಗೆಗಳ ಪಾಲಾಗುತ್ತವೆ. ನೆಲದ ಮೇಲೆ ಮೊಟ್ಟೆಯಿಡುವ ಟಿಟ್ಟಿಭದಂಥ ಹಕ್ಕಿಗಳಿಗಂತೂ ಈ ಅಪಾಯ ಇನ್ನೂ ಹೆಚ್ಚು. ಹಕ್ಕಿಗೆ ತಿಳಿಯದಂತೆ ದೂರದಲ್ಲೇ ನಿಂತು ನೋಡಲು ದುರ್ಬೀನು ಅವಕಾಶ ಕೊಡುತ್ತದೆ. ನೋಡುವವನಿರುವುದನ್ನು ಮರೆತು ಹಕ್ಕಿ ತನ್ನ ಕೆಲಸ ತಾನು ಮಾಡಿಕೊಂಡಿದ್ದರೆ ಅದೇ ಯೋಗ್ಯ ಅಂತರ.

ಸಂಕ್ಷಿಪ್ತವಾಗಿ

• ಮೊದಲ ದುರ್ಬೀನಿಗೆ 8×42 ಸೂಕ್ತ. ಹಗುರ ಬೇಕಿದ್ದರೆ 8×32.

• 12 ಪಟ್ಟಿಗಿಂತ ಹೆಚ್ಚಿನ ವರ್ಧನೆ, ಜೂಮ್, ಕೆಂಪು ಲೇಪನ ಬೇಡ.

• ದೃಷ್ಟಿಕ್ಷೇತ್ರ 7 ಡಿಗ್ರಿಗಿಂತ ಹೆಚ್ಚಿರಲಿ.

• 'ಫುಲ್ಲಿ ಮಲ್ಟಿ ಕೋಟೆಡ್' ಇರಲಿ. ಮಳೆಯ ಸೀಮೆಯವರಿಗೆ ಜಲನಿರೋಧಕ ಇರಲಿ.

• ಕನ್ನಡಕಧಾರಿಗಳಿಗೆ ಐ ರಿಲೀಫ್ ಕನಿಷ್ಠ 15 ಮಿ.ಮೀ.

• ಹಣ ಕಡಿಮೆಯಿದ್ದರೆ ಅಗ್ಗದ ರೂಫ್‌ಗಿಂತ ಹೆಸರಾಂತ ಸಂಸ್ಥೆಯ ಪೊರೊ ಲೇಸು.

ವಲಸೆ ಹಕ್ಕಿಗಳು ರಾಜ್ಯದ ಕೆರೆಗಳಲ್ಲಿ ಬೀಡುಬಿಡುವುದು ಸ್ಥೂಲವಾಗಿ ನವೆಂಬರ್‌ನಿಂದ ಮಾರ್ಚ್‌ವರೆಗೆ. ದೀಪಾವಳಿಯ ಹೊತ್ತಿಗೆ ದುರ್ಬೀನು ಕೊಂಡು ಮನೆಯ ಸುತ್ತಲಿನ ಹಕ್ಕಿಗಳ ಮೇಲೆ ಕಣ್ಣು ಪಳಗಿಸಿಕೊಂಡವರಿಗೆ, ಸಂಕ್ರಾಂತಿಯ ವೇಳೆಗೆ ಊರ ಕೆರೆಯ ಬಾತುಗಳನ್ನು ಒಂದೊಂದಾಗಿ ಹೆಸರು ಹಿಡಿದು ಗುರುತಿಸುವುದು ಕಷ್ಟವಾಗದು.